ಮೊದಲಿನ ಹಾಗೆಯೇ ಹಾಡಬೇಕೆ?

ಕಳೆದ ಯುಗಾದಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಫೋನು ಮಾಡಿದ್ದ. ಹಗಲೆಲ್ಲ ಒಂದು ಕಂಪನಿಯಲ್ಲಿ ಕೆಲಸ, ರಾತ್ರಿ ಹಾಡು ಎಂಬುದು ಅವನ ದಿನಚರಿ. ಸಿನಿಮಾದ ಹಂಗಿಲ್ಲದೆ, ದೊಡ್ಡ ಸಂಸ್ಥೆಗಳ ನೆರವಿಲ್ಲದೆ, ತನ್ನ ಸಂಬಳದಲ್ಲಿ ಉಳಿಸಿದ ಹಣದಿಂದಲೇ ಕನ್ನಡದ ಪದ್ಯಗಳಿಗೆ ರಾಗ ಹಾಕಿ, ಧ್ವನಿಮುದ್ರಿಸಿ ಹೊರತರುತ್ತಾನೆ. ಈಗ ಬಂದಿರುವುದು ಅವನ ಮೂರನೆಯ ಸಂಗ್ರಹ. “ಸಾರ್, ಒಂದ್ಸಲ ಪೂರ್ತಿ ಕೇಳಿ, ಒಂದು ಮಾತು ಹೇಳಿ. ಎಲ್ಲರೂ ಮೊದಲನೇದೇ ಚೆನ್ನಾಗಿತ್ತು ಅಂತಿದಾರೆ. ನಂಗೆ ಏನು ಮಾಡ್ಬೇಕೋ ಗೊತ್ತಾಗ್ತಿಲ್ಲ” ಎಂದ. ಧ್ವನಿಯಲ್ಲಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನ ಅಳುಕಿತ್ತು. ಒಂದು ವಾರದ ಗಡುವು ಕೇಳಿಕೊಂಡೆ.

‘ಮೊದಲನೆಯದೇ ಚೆನ್ನಾಗಿತ್ತು’ ಎಂಬ ಈ ಮಾತು ನನಗೆ ಹೊಸದಲ್ಲ. ಸುಮಾರು 35 ವರ್ಷಗಳ ಹಿಂದೆ ಇದೇ ಮಾತನ್ನು ನಾನೇ ಹಲವು ಬಾರಿ ಆಡಿದ್ದೇನೆ, ಅದೂ ಬಹಳ ಅಧಿಕಾರದಿಂದ. ನಾನು ಹಾಗೆ ತೀರ್ಪು ಕೊಟ್ಟದ್ದು ಸಿ. ಅಶ್ವತ್ಥ್ ಅವರ ವಿಷಯದಲ್ಲಿ. ಅದು ತಪ್ಪು ತೀರ್ಪಾಗಿತ್ತು. ಅಶ್ವತ್ಥ್ ಅವರಿಗೆ ನನ್ನ ತೀರ್ಪಿನಿಂದ ಕೂದಲೂ ಕೊಂಕಲಿಲ್ಲ ನಿಜ. ಆದರೆ ಅದರ ಪೆಟ್ಟು ಬೇರೊಬ್ಬರಿಗೆ ತಗುಲಿತು. ಅದನ್ನು ಹೇಳಿಬಿಡುವುದೇ ಈ ಲೇಖನದ ಉದ್ದೇಶ.

ಕಿರಿಯರಿಗಾಗಿ ಎರಡು ಮಾತು. ಅಶ್ವತ್ಥ್ ಹುಟ್ಟಿದ್ದು 1939ರ ಡಿಸೆಂಬರ್ 29ರಂದು, ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ. ತೀರಿಕೊಂಡದ್ದೂ ಡಿಸೆಂಬರ್ 29ರಂದೇ, 2009ರಲ್ಲಿ, ತಮ್ಮ 70ನೆಯ ಹುಟ್ಟುಹಬ್ಬದ ದಿನ. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ 27 ವರ್ಷ ನೌಕರಿ ಮಾಡಿದವರು. ಅಂದರೆ ನನ್ನ ಈ ವಿದ್ಯಾರ್ಥಿಯಂತೆಯೇ ಹೊಟ್ಟೆಗೊಂದು ಕೆಲಸ, ಮನಸ್ಸಿಗೊಂದು ಕೆಲಸ ಇಟ್ಟುಕೊಂಡಿದ್ದವರು. ಚಲನಚಿತ್ರಗಳಿಗೆ ಸಂಗೀತ ಕೊಟ್ಟರೂ ಆ ಉದ್ಯಮದ ಆಳಾಗಲಿಲ್ಲ. ಕವಿಯ ಪದ್ಯವನ್ನು ಹಿಡಿದು, ಹಾರ್ಮೋನಿಯಂ ಮುಂದೆ ಕುಳಿತು, ಅದಕ್ಕೆ ತಕ್ಕ ದನಿಯನ್ನು ಹುಡುಕುವುದೇ ಅವರ ಜೀವಮಾನದ ಕಸುಬಾಗಿತ್ತು.

ನಾನು ಬಿ.ಎಡ್. ಮುಗಿಸಿ ಕನ್ನಡ ಅಧ್ಯಾಪಕನಾಗಿ ಗೌನಿಪಲ್ಲಿಗೆ ಬಂದದ್ದು 1985ರಲ್ಲಿ. ನಮ್ಮೂರಿನ ಪರಿಸ್ಥಿತಿ ನಿಮಗೆ ಗೊತ್ತೇ ಇದೆ. ಆಂಧ್ರದ ಗಡಿ ಕೂಗಳತೆಯಲ್ಲಿದೆ. ತರಗತಿಯ ಮಕ್ಕಳಲ್ಲಿ ಹೆಚ್ಚಿನವರು ಮನೆಯಲ್ಲಿ ತೆಲುಗು ಆಡುವವರು, ಉಳಿದವರಲ್ಲಿ ಹಲವರು ಉರ್ದು ಆಡುವವರು. ಕನ್ನಡ ಅವರಿಗೆ ಶಾಲೆಯ ಭಾಷೆ, ಸರ್ಕಾರಿ ಕಾಗದದ ಭಾಷೆ. ಹೋಟೆಲಿನ ರೇಡಿಯೋದಲ್ಲಿ, ಮದುವೆಯ ಧ್ವನಿವರ್ಧಕದಲ್ಲಿ ಕೇಳುತ್ತಿದ್ದುದು ಘಂಟಸಾಲ, ಸುಶೀಲ. ಅಂಥ ಮಕ್ಕಳಿಗೆ ಹೊಸಗನ್ನಡದ ಪದ್ಯವನ್ನು ಅರ್ಥಕೋಶದ ಬಲದಿಂದ ಕಲಿಸಹೊರಟು ಮೊದಲ ವರ್ಷವೇ ಸೋತುಹೋದೆ.

ನನ್ನನ್ನು ಕಾಪಾಡಿದ್ದು ಒಂದು ಟೇಪ್ ರೆಕಾರ್ಡರ್. ಮದುವೆಯಲ್ಲಿ ಉಡುಗೊರೆಯಾಗಿ ಬಂದದ್ದು. ಅದನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಶಾಲೆಗೆ ಒಯ್ಯುತ್ತಿದ್ದೆ. ಕರೆಂಟು ಇದ್ದರೆ ಸರಿ, ಇಲ್ಲದಿದ್ದರೆ ಸೆಲ್ಲು. ಸೆಲ್ಲು ಇಳಿದಾಗ ಹಾಡು ನಿಧಾನವಾಗಿ, ಗಾಯಕರೆಲ್ಲ ನಿದ್ದೆಗಣ್ಣಿನಲ್ಲಿ ಹಾಡಿದಂತಾಗಿ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.

ಆ ಕಾಲಕ್ಕೆ ಕ್ಯಾಸೆಟ್ ಮಾಡಿದ ಉಪಕಾರ ಸಣ್ಣದಲ್ಲ. ಹಳೆಯ 78 ವೇಗದ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ಮೂರೂವರೆ ನಿಮಿಷದ ಹಾಡು ಮಾತ್ರ ಹಿಡಿಯುತ್ತಿತ್ತು. ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಅರ್ಧ ಗಂಟೆ. ಹೀಗಾಗಿ ಒಬ್ಬನೇ ಕವಿಯ ಎಂಟು ಹತ್ತು ಪದ್ಯಗಳನ್ನು ಒಟ್ಟಿಗೆ ಕೇಳುವ ಅವಕಾಶ ದೊರೆಯಿತು. 1978ರಲ್ಲಿ ನಿಸಾರ್ ಅಹಮದ್ ಅವರ ಪದ್ಯಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಈ ಹಾದಿಯನ್ನು ತೆರೆಯಿತು. ಅಲ್ಲಿಂದ ಮುಂದೆ ಕವನಸಂಕಲನ ಕೊಳ್ಳದವರ ಮನೆಗೂ ಕವಿಗಳು ಬಂದರು. ಆಗ ನಮ್ಮ ಜಿಲ್ಲೆಯಲ್ಲೇ ಇದ್ದ, 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಚಿಂತಾಮಣಿಯ ಕವಿ ಬಿ.ಆರ್. ಲಕ್ಷ್ಮಣರಾಯರ ತುಂಟ ಪದ್ಯಗಳೂ ಹಾಡಾಗಿ ಊರೂರು ಸುತ್ತಿದವು.

ನಾನು ಮಾಡುತ್ತಿದ್ದುದು ಇಷ್ಟೆ. ಪದ್ಯವನ್ನು ಕಪ್ಪುಹಲಗೆಯ ಮೇಲೆ ಬರೆಯುವುದು, ಹಾಡು ಕೇಳಿಸುವುದು, ಮತ್ತೆ ಮತ್ತೆ ಕೇಳಿಸುವುದು. ವಾರ ಕಳೆಯುವಷ್ಟರಲ್ಲಿ ತೆಲುಗಿನ ಮಕ್ಕಳ ನಾಲಿಗೆಯಲ್ಲಿ ಕನ್ನಡದ ಸಾಲುಗಳು ತಾವಾಗಿ ನಿಲ್ಲುತ್ತಿದ್ದವು. ಅರ್ಥ ಆಮೇಲೆ ಬರುತ್ತಿತ್ತು, ರಾಗದ ಬೆನ್ನು ಹಿಡಿದು. ಹೀಗಾಗಿ ಹಾಡೆಂದರೆ ಮಾತು ಕೇಳಿಸಬೇಕು, ಅಕ್ಷರ ಬಿಡಿಬಿಡಿಯಾಗಿ ಕಿವಿಗೆ ಬೀಳಬೇಕು ಎಂಬ ಹಟ ನನ್ನಲ್ಲಿ ಬೆಳೆಯಿತು. ಹಟ ಸರಿಯಾದದ್ದೇ. ಆದರೆ ಮೆಲ್ಲಗೆ ಹಾಡಿದರಷ್ಟೇ ಮಾತು ಕೇಳಿಸುತ್ತದೆ ಎಂಬ ಇನ್ನೊಂದು ನಂಬಿಕೆ ಅದರ ಜೊತೆಗೇ, ನನಗೆ ಅರಿವಿಲ್ಲದೆ, ಬೆಳೆದುಬಿಟ್ಟಿತು.

ಅಶ್ವತ್ಥ್ ಅವರನ್ನು ನಾನು ಮೆಚ್ಚಿಕೊಂಡದ್ದು ಅವರ ಮೊದಮೊದಲ ಕೆಲಸದಿಂದ. ಅವರು ಸ್ವತಂತ್ರವಾಗಿ ಸಂಗೀತ ನೀಡಿದ ಮೊದಲ ಚಿತ್ರ 1977ರ ‘ಕಾಕನಕೋಟೆ’. ಅದು ನಮ್ಮ ಜಿಲ್ಲೆಯ ಮಾಲೂರು ತಾಲ್ಲೂಕಿನವರೇ ಆದ ಮಾಸ್ತಿಯವರ ನಾಟಕ. ನಿರ್ದೇಶಿಸಿದವರು ಸಿ.ಆರ್. ಸಿಂಹ. ಕಾಡಿನ ಜನರ ಕಥೆಗೆ ರಂಗಭೂಮಿಯಿಂದ ಬಂದ ಮನುಷ್ಯ ಹಾಕಿದ ರಾಗಗಳು ಅವು, ಗುಂಪಾಗಿ ಹಾಡುವಂಥವು. ಆಮೇಲೆ ಅವರು ಎಲ್. ವೈದ್ಯನಾಥನ್ ಅವರೊಡನೆ ಸೇರಿ ‘ಅಶ್ವತ್ಥ್–ವೈದಿ’ ಎಂಬ ಜೋಡಿಯಾದರು. ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಸಂಗೀತ ನೆನಪಿದೆಯಲ್ಲವೆ, ಅದನ್ನು ಮಾಡಿದವರೂ ಇದೇ ವೈದ್ಯನಾಥನ್. ಈ ಜೋಡಿಯಿಂದ ‘ಏನೇ ಬರಲಿ ಪ್ರೀತಿ ಇರಲಿ’ 1979ರಲ್ಲಿ, ‘ನಾರದ ವಿಜಯ’ 1980ರಲ್ಲಿ, ‘ಆಲೆಮನೆ’ 1981ರಲ್ಲಿ ಬಂದವು.

‘ಆಲೆಮನೆ’ಗೆ ದೊಡ್ಡರಂಗೇಗೌಡರು ಬರೆದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ, ಊರಿನ ಮಂದಾರದ ಹೂವನ್ನು ಕುರಿತ ಹಾಡು ನನಗೆ ಅಂದು ಸಂಗೀತದ ಪರಮಾವಧಿಯಾಗಿತ್ತು. ಇದರ ಜೊತೆಗೆ ಅವರು ಶಿವರುದ್ರಪ್ಪನವರ ಕಡಲಿನ ಹಂಬಲದ ಪದ್ಯವನ್ನು ಹಾಡಿದ್ದನ್ನೂ ಸೇರಿಸಿಕೊಳ್ಳಿ. ಅಶ್ವತ್ಥ್ ಎಂದರೆ ಇದು, ಹೀಗೇ ಇರಬೇಕು ಎಂದು ನನ್ನ ಮನಸ್ಸಿನಲ್ಲಿ ಒಂದು ಚೌಕಟ್ಟು ಹಾಕಿ ಗೋಡೆಗೆ ನೇತುಹಾಕಿಬಿಟ್ಟೆ.

1990ರಲ್ಲಿ ‘ಸಂತ ಶಿಶುನಾಳ ಶರೀಫ’ ಬಂತು. ನಿರ್ದೇಶಕರು ಟಿ.ಎಸ್. ನಾಗಾಭರಣ. ಶರೀಫರಾಗಿ ಶ್ರೀಧರ್, ಗುರು ಗೋವಿಂದಭಟ್ಟರಾಗಿ ಗಿರೀಶ ಕಾರ್ನಾಡ್. ಅದರ ಹಾಡುಗಳ ಕ್ಯಾಸೆಟ್ಟನ್ನು ಶ್ರೀನಿವಾಸಪುರದಿಂದ ತಂದು, ರಾತ್ರಿ ಊಟವಾದ ಮೇಲೆ ಹಾಕಿಕೊಂಡು ಕುಳಿತೆ. ಮೊದಲ ಹಾಡಿಗೇ ಎದ್ದು ಧ್ವನಿಯ ಗುಂಡಿಯನ್ನು ತಗ್ಗಿಸಿದೆ. ಕವಿಯ ಜೊತೆ ಮೆಲುದನಿಯಲ್ಲಿ ಮಾತಾಡುತ್ತಿದ್ದ ನನ್ನ ಅಶ್ವತ್ಥ್ ಎಲ್ಲಿ? ಇಲ್ಲೊಬ್ಬ ಮನುಷ್ಯ ಊರ ಮುಂದಿನ ಕಟ್ಟೆಯ ಮೇಲೆ ನಿಂತು, ಎದೆಯ ಕಟ್ಟು ಬಿಚ್ಚಿ, ಆಚೆ ದಂಡೆಯವರನ್ನು ಕೂಗಿ ಕರೆಯುತ್ತಿದ್ದ. ದನಿ ಮೇಲಿನ ಷಡ್ಜಕ್ಕೆ ಏರಿ ಅಲ್ಲೇ ಸೀಳುತ್ತಿತ್ತು. ಸೀಳಿದರೂ ಹಿಂದೆ ಬರುತ್ತಿರಲಿಲ್ಲ.

ಮರುದಿನ ಅಧ್ಯಾಪಕರ ಕೊಠಡಿಯಲ್ಲಿ ತೀರ್ಪು ಕೊಟ್ಟೆ: “ಅಶ್ವತ್ಥ್ ಕೆಟ್ಟುಹೋದರು. ಕಿರುಚುವುದನ್ನು ಕಲಿತಿದ್ದಾರೆ. ಮೊದಲಿನದೇ ಚೆನ್ನಾಗಿತ್ತು.” ಗಣಿತದ ಮೇಷ್ಟ್ರು ತಲೆಯಾಡಿಸಿದರು. ಆದರೆ ನಮ್ಮ ಶಾಲೆಯ ಜವಾನರು, ನನಗಿಂತ ಹಿರಿಯರು, ಚಹಾದ ಲೋಟಗಳನ್ನು ಇಡುತ್ತಾ, “ಮೇಷ್ಟ್ರೇ, ಆ ಕ್ಯಾಸೆಟ್ಟು ಇವತ್ತು ರಾತ್ರಿ ನಮ್ಮ ಭಜನೆ ಮನೇಗೆ ಕೊಡ್ತೀರಾ?” ಎಂದು ಕೇಳಿದರು.

ಕೊಟ್ಟೆ. ಕುತೂಹಲದಿಂದ ನಾನೂ ಹೋದೆ. ಅಲ್ಲಿ ನೆರೆದಿದ್ದವರು ಶನಿವಾರ ಶನಿವಾರ ಕೈವಾರದ ತಾತಯ್ಯನವರ ತತ್ತ್ವಪದಗಳನ್ನು ಏಕತಾರಿ ಹಿಡಿದು ಹಾಡುವವರು. ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದವರು. ಶರೀಫರದ್ದು ಹಾವೇರಿ ಸೀಮೆಯ ಕನ್ನಡ. ಅದರಲ್ಲಿನ ಎಷ್ಟೋ ಶಬ್ದಗಳು ಕನ್ನಡ ಎಂ.ಎ. ಓದಿದವರಿಗೂ ಎಡರುತ್ತವೆ. ಇವರಿಗೆ ಹೇಗೆ ತಿಳಿದೀತು ಎಂದುಕೊಂಡೆ. ಅವರು ಶಬ್ದಕ್ಕೆ ಕಾಯಲೇ ಇಲ್ಲ. ಎರಡನೆಯ ಸುತ್ತಿಗೆ ತಾಳ ಹಾಕಿದರು, ಮೂರನೆಯ ಸುತ್ತಿಗೆ ಪಲ್ಲವಿ ಹಿಡಿದರು. “ಇದು ನಮ್ಮ ತಾತಯ್ಯನೋರ ದಾರೀನೇ, ಊರು ಬೇರೆ ಅಷ್ಟೇ” ಎಂದರು ಒಬ್ಬ ಅಜ್ಜ.

ಅಲ್ಲಿಗಾದರೂ ನನ್ನ ಕಣ್ಣು ತೆರೆಯಬೇಕಿತ್ತು. ತೆರೆಯಲಿಲ್ಲ. ಭಜನೆಯವರಿಗೆ ಭಜನೆ ಇಷ್ಟವಾಯಿತು, ಅದರಲ್ಲೇನು ಆಶ್ಚರ್ಯ ಎಂದುಕೊಂಡು ಮನೆಗೆ ಬಂದೆ.

1994ರಲ್ಲಿ ತಾಲ್ಲೂಕು ಮಟ್ಟದ ಒಂದು ಗೀತಗಾಯನ ಸ್ಪರ್ಧೆಗೆ ನಾನು ತೀರ್ಪುಗಾರರಲ್ಲಿ ಒಬ್ಬನಾಗಿದ್ದೆ. ರಾಯಲ್ಪಾಡಿನ ಕಡೆಯ ಹಳ್ಳಿಯ ಹುಡುಗನೊಬ್ಬ, ಒಂಬತ್ತನೆಯ ತರಗತಿಯವನು, ಶರೀಫರ ಪದವೊಂದನ್ನು ಆರಿಸಿಕೊಂಡು ಬಂದಿದ್ದ. ಅವನಿಗೆ ಮನೆಮಾತು ತೆಲುಗು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಎದುರಿಗಿದ್ದ ಮೈಕನ್ನು ಪಕ್ಕಕ್ಕೆ ಸರಿಸಿ, ಕಣ್ಣು ಮುಚ್ಚಿ ಹಾಡಿದ. ಸಭಾಂಗಣದ ಹೊರಗೆ ಕಡಲೆಕಾಯಿ ಮಾರುತ್ತಿದ್ದವರು ಕಿಟಕಿಗೆ ಬಂದು ನಿಂತರು. ಒಂದು ಅಕ್ಷರವೂ ಜಾರಲಿಲ್ಲ, ಅಷ್ಟು ಸ್ಪಷ್ಟವಾದ ಕನ್ನಡ.

ನಾನು ಅವನಿಗೆ ಹತ್ತರಲ್ಲಿ ನಾಲ್ಕು ಅಂಕ ಕೊಟ್ಟೆ. ಷರಾ ಕಲಮಿನಲ್ಲಿ ‘ಧ್ವನಿಯ ಮೇಲೆ ಹಿಡಿತವಿಲ್ಲ’ ಎಂದು ಬರೆದೆ. ಮೊದಲ ಬಹುಮಾನ ‘ಮೈಸೂರು ಮಲ್ಲಿಗೆ’ಯ ಪದ್ಯವನ್ನು ಮೆಲ್ಲಗೆ ಹಾಡಿದ ಇನ್ನೊಂದು ಮಗುವಿಗೆ ಹೋಯಿತು. ಆ ಮಗುವೂ ಚೆನ್ನಾಗಿಯೇ ಹಾಡಿತ್ತು, ಅದರಲ್ಲಿ ತಕರಾರಿಲ್ಲ. ಆದರೆ ಹುಡುಗ ಮೆಟ್ಟಿಲ ಬಳಿ ನನ್ನನ್ನು ಕಾದು ನಿಂತು, “ಸಾರ್, ಜೋರಾಗಿ ಹಾಡ್ಬಾರ್ದಾ?” ಎಂದು ಕೇಳಿದಾಗ ನಾನು ಕೊಟ್ಟ ಉತ್ತರ ಇಂದಿಗೂ ನನ್ನ ಕಿವಿಯಲ್ಲಿದೆ: “ಇದು ಭಾವಗೀತೆ ಕಣಯ್ಯ, ನಿಮ್ಮೂರ ಭಜನೆ ಅಲ್ಲ.”

ಮರುವರ್ಷ ಅದೇ ಸ್ಪರ್ಧೆಗೆ ಅವನು ಬರಲಿಲ್ಲ. ಆಗ ಅದನ್ನು ನಾನು ಗಮನಿಸಲೂ ಇಲ್ಲ.

ನನ್ನ ತೀರ್ಪು ಎಲ್ಲಿ ತಪ್ಪಿತು ಎಂಬುದು ತಿಳಿದದ್ದು ಬಹಳ ತಡವಾಗಿ. ಅಶ್ವತ್ಥ್ ತೀರಿಕೊಂಡ ವಾರ, ಕಪಾಟಿನಲ್ಲಿದ್ದ ಅವರ ಕ್ಯಾಸೆಟ್ಟುಗಳನ್ನೆಲ್ಲ ಹೊರತೆಗೆದು ಇಸವಿಯ ಕ್ರಮದಲ್ಲಿ ಮೇಜಿನ ಮೇಲೆ ಜೋಡಿಸಿದೆ. ಮೇಷ್ಟ್ರ ಬುದ್ಧಿ ನೋಡಿ, ಶೋಕಕ್ಕೂ ಕಾಲಾನುಕ್ರಮಣಿಕೆ ಬೇಕು! ಜೋಡಿಸಿದ ಮೇಲೆ ಬೆಚ್ಚಿದೆ. ಮೆಲುದನಿಯಲ್ಲಿ ಹಾಡುತ್ತಿದ್ದ ಅಶ್ವತ್ಥ್ ಬರಬರುತ್ತಾ ಕೂಗುವ ಅಶ್ವತ್ಥ್ ಆದರು ಎಂಬುದು ನನ್ನ ಸಿದ್ಧಾಂತವಾಗಿತ್ತು. ಇಸವಿಗಳು ಬೇರೆಯೇ ಹೇಳುತ್ತಿದ್ದವು.

‘ಶರೀಫ’ ಬಂದದ್ದು 1990. ಅದಾದ ಎರಡೇ ವರ್ಷಕ್ಕೆ, 1992ರಲ್ಲಿ, ಅದೇ ನಾಗಾಭರಣರ ‘ಮೈಸೂರು ಮಲ್ಲಿಗೆ’ ಚಿತ್ರ. ಕೆ.ಎಸ್. ನರಸಿಂಹಸ್ವಾಮಿಯವರ 1942ರ ಸಂಕಲನದ ದಾಂಪತ್ಯದ ಪದ್ಯಗಳಿಗೆ ಅದೇ ಅಶ್ವತ್ಥ್ ಕೊಟ್ಟ ಸಂಗೀತ, ಪಕ್ಕದ ಕೋಣೆಯವರಿಗೂ ಕೇಳಿಸಬಾರದು ಎಂಬಷ್ಟು ನಾಜೂಕು. ಮರುವರ್ಷ, 1993ರಲ್ಲಿ, ‘ಚಿನ್ನಾರಿ ಮುತ್ತ’. ಎಚ್.ಎಸ್. ವೆಂಕಟೇಶಮೂರ್ತಿಯವರ ಸಾಹಿತ್ಯ. ಹಳ್ಳಿಯಿಂದ ಬೆಂಗಳೂರಿಗೆ ಓಡಿಬಂದ ಹುಡುಗನ ಕಥೆಗೆ ಓಡುವ, ಕುಣಿಯುವ, ಮಕ್ಕಳ ಬಾಯಿಗೆ ಒಗ್ಗುವ ರಾಗಗಳು. 1997ರಲ್ಲಿ ಕಾರ್ನಾಡರ ನಾಟಕವನ್ನು ಆಧರಿಸಿದ ‘ನಾಗಮಂಡಲ’. ಗೋಪಾಲ ಯಾಜ್ಞಿಕರ ಸಾಹಿತ್ಯ, ಉತ್ತರ ಕರ್ನಾಟಕದ ಮಣ್ಣಿನ ಧಾಟಿ. ಒಂಟಿ ಹೆಣ್ಣಿನ ಅಳಲನ್ನು ಸಂಗೀತಾ ಕಟ್ಟಿಯವರ ಕಂಠದಲ್ಲಿ ಕೇಳಿ, ಎಂಥ ಗಟ್ಟಿ ಮನಸ್ಸೂ ಕರಗುತ್ತದೆ.

ಹಾಗಾದರೆ ಮೆಲುದನಿಯನ್ನು ಅವರು ಎಲ್ಲಿ ಕಳೆದುಕೊಂಡಿದ್ದರು? ಎಲ್ಲೂ ಇಲ್ಲ. ನಾನು ತಾಲ್ಲೂಕಿನ ಸ್ಪರ್ಧೆಯಲ್ಲಿ ಹುಡುಗನಿಗೆ ನಾಲ್ಕು ಅಂಕ ಕೊಟ್ಟಾಗ ಬಹುಮಾನ ಪಡೆದ ಮೆಲುದನಿಯ ಹಾಡು ಯಾರ ಮನಸ್ಸಿನಿಂದ ಬಂದಿತ್ತೋ, ನಾನು ತಿರಸ್ಕರಿಸಿದ ಕೂಗಿನ ಹಾಡೂ ಅದೇ ಮನಸ್ಸಿನಿಂದ ಬಂದಿತ್ತು. ಎರಡಕ್ಕೂ ನಡುವೆ ಎರಡೇ ವರ್ಷ. ಕಣ್ಣೆದುರಿಗೇ ಇದ್ದ ಈ ಸಂಗತಿ ನನಗೆ ಕಾಣಿಸಿರಲಿಲ್ಲ.

ಅಂದಿನಿಂದ ನನ್ನ ತಿಳುವಳಿಕೆ ಹೀಗೆ ಬದಲಾಗಿದೆ. ದನಿಯನ್ನು ನಿರ್ಧರಿಸುವುದು ಪದ್ಯ, ಹಾಡುಗಾರನ ಹಿಂದಿನ ಕ್ಯಾಸೆಟ್ಟಲ್ಲ. ನರಸಿಂಹಸ್ವಾಮಿಯವರ ಪದ್ಯದಲ್ಲಿ ಮಾತಾಡುವವನು ಗಂಡ, ಕೇಳುವವಳು ಹೆಂಡತಿ, ಸ್ಥಳ ಮನೆಯ ಒಳಗು. ಅಲ್ಲಿ ಕೂಗಿದರೆ ಅದು ಸಂಸಾರವಾಗುವುದಿಲ್ಲ, ಜಗಳವಾಗುತ್ತದೆ. ಶರೀಫರ ಪದದಲ್ಲಿ ಮಾತಾಡುವವನು ಅನುಭಾವಿ, ಕೇಳುವುದು ಇಡೀ ಊರು, ಸ್ಥಳ ಜಾತ್ರೆಯ ಬಯಲು ಅಥವಾ ಸಂತೆಯ ಬೀದಿ. ಆ ಪದವನ್ನು ಪಿಸುಗುಟ್ಟಿದರೆ ಸುಳ್ಳಾಗುತ್ತದೆ. 1819ರಿಂದ 1889ರವರೆಗೆ ಬಾಳಿದ ಶರೀಫರು ಕೆಲಕಾಲ ನಮ್ಮಂತೆಯೇ ಶಾಲಾ ಮಾಸ್ತರರಾಗಿದ್ದವರು. ಹಿಂದಿನ ಬೆಂಚಿಗೂ ಕೇಳಿಸುವಂತೆ ಮಾತಾಡುವುದು ಅವರಿಗೆ ಗೊತ್ತಿರಲಿಲ್ಲವೆ?

ಬದಲಾದದ್ದು ದನಿ, ವಾದ್ಯ, ಓಟ. ಬದಲಾಗದೆ ಉಳಿದದ್ದು ಒಂದೇ: ಮಾತು ಕೇಳಿಸುತ್ತಿತ್ತು. ಮೆಲ್ಲಗೆ ಹಾಡಿದಾಗಲೂ ಕೂಗಿ ಹಾಡಿದಾಗಲೂ ಅಶ್ವತ್ಥ್ ಅವರ ಬಾಯಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳು ಕಲಸಿಹೋಗಲಿಲ್ಲ, ಸಾಲು ತಪ್ಪಾದ ಜಾಗದಲ್ಲಿ ಮುರಿಯಲಿಲ್ಲ. ಹಾಡಿನ ಮೊದಲ ಧರ್ಮ ಇದೇ ಎಂದು ನಾನೇ ತರಗತಿಯಲ್ಲಿ ಹೇಳುತ್ತಿದ್ದೆ. ಅದನ್ನು ಅಕ್ಷರಶಃ ಪಾಲಿಸಿದ ಹುಡುಗನಿಗೆ ನಾಲ್ಕು ಅಂಕ ಕೊಟ್ಟವನೂ ನಾನೇ.

ಹಾಗೆಂದು ಬದಲಾದದ್ದೆಲ್ಲ ಒಳ್ಳೆಯದು ಎಂಬ ಇನ್ನೊಂದು ತುದಿಗೆ ನಾನು ಹೋಗುವುದಿಲ್ಲ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥ್ ‘ಕನ್ನಡವೇ ಸತ್ಯ’ ಎಂಬ ಬೃಹತ್ ಕಾರ್ಯಕ್ರಮ ನಡೆಸಿದರು. ಭಾವಗೀತೆಯ ಹೆಸರಿನಲ್ಲಿ ಅಷ್ಟೊಂದು ಜನ ಸೇರಿದ್ದೇ ಒಂದು ಚರಿತ್ರೆ. ಅದರ ಮುದ್ರಣವನ್ನು ಆಮೇಲೆ ಕೇಳಿದಾಗ ಮೈ ನವಿರೆದ್ದದ್ದು ನಿಜ. ಕುವೆಂಪು ಅವರ ನಾಡಿನ ಪದ್ಯಗಳಿಗೆ ಆ ಸಮೂಹದ ದನಿ ಹೇಳಿ ಮಾಡಿಸಿದಂತಿತ್ತು. ಆದರೆ ಒಬ್ಬನೇ ಕುಳಿತು ಮನಸ್ಸಿನೊಳಗೆ ಹೇಳಿಕೊಳ್ಳಬೇಕಾದ ಪದ್ಯವೂ ಆ ಮೈದಾನಕ್ಕೆ ಬಂದಾಗ ಅದರ ಕಿವಿಮಾತು ಚಪ್ಪಾಳೆಯಲ್ಲಿ ಕರಗಿಹೋಗುತ್ತದೆ. ಅಲ್ಲಿ ದನಿಯನ್ನು ಪದ್ಯವಲ್ಲ, ಮೈದಾನ ನಿರ್ಧರಿಸಿತೇನೋ ಎಂಬ ಅನುಮಾನ ನನಗೆ ಈಗಲೂ ಇದೆ. ಮೆಚ್ಚಿದವರ ಬಗ್ಗೆಯೂ ಇಷ್ಟು ಹೇಳುವ ಹಕ್ಕು ಕೇಳುಗನಿಗೆ ಇರಬೇಕು. ಆದರೆ ‘ಮೊದಲಿನಂತಿಲ್ಲ’ ಎನ್ನುವುದು ಬೇರೆ, ‘ಈ ಪದ್ಯಕ್ಕೆ ಈ ದನಿ ಒಗ್ಗಲಿಲ್ಲ’ ಎನ್ನುವುದು ಬೇರೆ. ಮೊದಲನೆಯದು ನಮ್ಮ ಅಭ್ಯಾಸದ ಮಾತು, ಎರಡನೆಯದು ವಿಮರ್ಶೆ.

ಎಲ್ಲರೂ ಬದಲಾಗಲೇಬೇಕು ಎಂಬ ನಿಯಮವೂ ಇಲ್ಲ. 1995ರಲ್ಲಿ ತೀರಿಕೊಂಡ ಮೈಸೂರು ಅನಂತಸ್ವಾಮಿಯವರು ಕೊನೆಯವರೆಗೂ ಸೌಮ್ಯವಾಗಿಯೇ ಹಾಡಿದರು. ನಮ್ಮ ಮುಳಬಾಗಿಲಿನ ಡಿವಿಜಿಯವರ ಕಗ್ಗವನ್ನು ಅವರ ಕಂಠದಲ್ಲಿ ಕೇಳಿದವರಿಗೆ ಆ ಸೌಮ್ಯತೆಯ ಬೆಲೆ ಗೊತ್ತು. ಕಗ್ಗ ಕೇಳುವುದೇ ಆ ದನಿಯನ್ನು. 2004ರಲ್ಲಿ ನಾಡಗೀತೆಯಾದ ಕುವೆಂಪು ಪದ್ಯವನ್ನು ಅನಂತಸ್ವಾಮಿಯವರ ಧಾಟಿಯಲ್ಲೇ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು 2022ರಲ್ಲಿ ಸರ್ಕಾರ ಆದೇಶಿಸಿತು. ಶಾಲೆಯ ಪ್ರಾರ್ಥನೆಗೆ ಒಂದು ಧಾಟಿ ಗೊತ್ತುಮಾಡುವುದು ಅನುಕೂಲವೇ ಸರಿ, ಎಷ್ಟೋ ಮುಂಜಾನೆ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದ ನಾನು ಇಲ್ಲವೆನ್ನಲಾರೆ. ಆದರೆ ಒಬ್ಬ ಕಲಾವಿದನ ಬದುಕಿಗೆ ಅಂಥ ಆದೇಶ ಹೊರಡಿಸುವ ಅಧಿಕಾರ ಯಾರಿಗೂ ಇಲ್ಲ, ಅಭಿಮಾನಿಗಳಿಗಂತೂ ಇಲ್ಲವೇ ಇಲ್ಲ.

ಶರೀಫರನ್ನೇ ನೋಡಿ. ಕೋಡಗವನ್ನು ಕೋಳಿ ನುಂಗುವ ಅವರ ಒಗಟಿನ ಪದವನ್ನು ಶಿವಮೊಗ್ಗ ಸುಬ್ಬಣ್ಣನವರು ಹಾಡಿ ಮನೆಮಾತು ಮಾಡಿದರು. ‘ಕಾಡು ಕುದುರೆ’ಯ ಹಾಡಿಗಾಗಿ ರಾಷ್ಟ್ರಪ್ರಶಸ್ತಿ ಪಡೆದ ಕಂಠ ಅದು, 2022ರಲ್ಲಿ ಮೌನವಾಯಿತು. ಅಶ್ವತ್ಥ್ ಅವರ ಶರೀಫರು ಬೇರೆ. 2008ರಲ್ಲಿ ಮೈಸೂರಿನ ರಘು ದೀಕ್ಷಿತ್ ತಮ್ಮ ಮೊದಲ ಸಂಗ್ರಹದಲ್ಲಿ, 2013ರಲ್ಲಿ ಎರಡನೆಯ ಸಂಗ್ರಹದಲ್ಲಿ ಶರೀಫರ ಪದಗಳನ್ನು ಗಿಟಾರು, ಡ್ರಮ್ಮುಗಳೊಡನೆ ಹಾಡಿದರು. ನನ್ನ ಮೊಮ್ಮಗಳು ಶರೀಫರನ್ನು ಮೊದಲು ಕೇಳಿದ್ದು ಅಲ್ಲಿಂದಲೇ. “ತಾತ, ಇದು ಯಾರು ಬರೆದಿದ್ದು?” ಎಂದು ಅವಳು ಕೇಳಿದಾಗ ನಾನು ಹಳೆಯ ಕ್ಯಾಸೆಟ್ಟನ್ನು ತೋರಿಸಿದೆ. ಹಾಕಿ ಕೇಳಿಸಲು ಯಂತ್ರವೇ ಇರಲಿಲ್ಲ. ಪದ ಮಾತ್ರ ದಾಟಿ ಬಂದಿತ್ತು.

ಹಾಗಿದ್ದರೂ ನಾವೆಲ್ಲ ‘ಮೊದಲನೆಯದೇ ಚೆನ್ನಾಗಿತ್ತು’ ಎನ್ನುವುದೇಕೆ? ನನ್ನ ಅನುಭವದಿಂದ ಹೇಳುತ್ತೇನೆ. ಮೊದಲ ಹಾಡಿನ ಜೊತೆ ನಮ್ಮ ಪ್ರಾಯವೂ ಮುದ್ರಣಗೊಂಡಿರುತ್ತದೆ. ‘ಆಲೆಮನೆ’ಯ ಹಾಡು ಕೇಳಿದಾಗ ನನಗೆ ಕೇಳಿಸುವುದು ಬರೀ ಹಾಡಲ್ಲ. ಓದು ಮುಗಿಯದ, ಕೆಲಸ ಸಿಗದ, ಆದರೂ ಏನೋ ಆಗಿಯೇ ತೀರುತ್ತದೆ ಎಂಬ ಭರವಸೆಯಿದ್ದ 23 ವರ್ಷದ ನನ್ನ ದನಿ. ಅದನ್ನು ಮತ್ತೆ ಕೊಡು ಎಂದು ಹಾಡುಗಾರನನ್ನು ಪೀಡಿಸಿದರೆ ಅವನು ಎಲ್ಲಿಂದ ತಂದಾನು?

2010ರ ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿಯ ಮುಂದೆ ಹೋಗುತ್ತಿದ್ದಾಗ ಯಾರೋ “ಸಾರ್” ಎಂದು ಕೂಗಿದರು. ಬಯಲಿನ ಆಚೆ ಬದಿಯಿಂದ, ಲಾರಿಗಳ ಸದ್ದನ್ನು ಸೀಳಿಕೊಂಡು ಬಂದ ಕೂಗು. ತಿರುಗಿ ನೋಡುವ ಮೊದಲೇ ದನಿಯ ಗುರುತು ಸಿಕ್ಕಿತು. ಮಂಡಿಯಲ್ಲಿ ಹರಾಜು ಕೂಗುವ ಕೆಲಸ ಮಾಡುತ್ತಿದ್ದ. ಬಾದಾಮಿ, ತೋತಾಪುರಿ ರಾಶಿಗಳ ನಡುವೆ ಕುರ್ಚಿ ಹಾಕಿಸಿ ಕೂರಿಸಿದ, ಹಣ್ಣು ಕೊಯ್ದು ಕೊಟ್ಟ. “ಈಗಲೂ ಹಾಡ್ತೀಯಾ?” ಎಂದು ಕೇಳಿದೆ. “ಎಲ್ಲಿ ಸಾರ್, ಸ್ಕೂಲಲ್ಲೇ ಬಿಟ್ಬಿಟ್ಟೆ. ಅವತ್ತು ನೀವು ಹೇಳಿದ್ದು ಜ್ಞಾಪಕ ಐತೆ” ಎಂದು ನಕ್ಕ. ದೂರುವ ನಗೆಯಲ್ಲ. ಆಮೇಲೆ ಈ ಸಲ ಫಸಲು ಹೇಗಿದೆ, ಬೆಲೆ ಹೇಗೆ ಬಿದ್ದಿದೆ ಎಂಬ ಮಾತಿಗೆ ಹೊರಳಿದ. ‘ಅವತ್ತು ನಾನು ಹೇಳಿದ್ದು ತಪ್ಪು ಕಣಪ್ಪ’ ಎಂಬ ಮಾತು ನನ್ನ ಬಾಯಿಯವರೆಗೆ ಬಂದು ನಿಂತಿತು. ಅಷ್ಟರಲ್ಲಿ ಲಾರಿಯೊಂದು ಬಂತು, ಅವನು ಎದ್ದು ಓಡಿದ. ಆ ಮಾತನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ. ಅವನ ಜೊತೆಯವರು ಯಾರಾದರೂ ಓದಿದರೆ ದಯವಿಟ್ಟು ಅವನಿಗೆ ತಲುಪಿಸಿ.

ಇನ್ನು ಬೆಂಗಳೂರಿನ ನನ್ನ ಶಿಷ್ಯನ ಮೂರನೆಯ ಸಂಗ್ರಹ. ವಾರವಿಡೀ ಕೇಳಿದೆ, ಮೊದಲ ದಿನ ಬೇಸರದಿಂದ, ನಾಲ್ಕನೆಯ ದಿನದಿಂದ ಕುತೂಹಲದಿಂದ. ಮೊದಲ ಸಂಗ್ರಹದ ತಂಪು ಇದರಲ್ಲಿ ಇಲ್ಲ. ಆದರೆ ಆರಿಸಿಕೊಂಡಿರುವ ಪದ್ಯಗಳೂ ತಂಪಿನವಲ್ಲ. ಊರು ಬಿಟ್ಟವರ, ಬಾಡಿಗೆ ಮನೆಯವರ, ರಾತ್ರಿ ಪಾಳಿಯವರ ಪದ್ಯಗಳು. ಫೋನು ಮಾಡಿ ಹೀಗೆ ಹೇಳಿದೆ: “ಮೊದಲನೇದರ ಹಾಗಿಲ್ಲ, ಇರಬೇಕಾಗಿಯೂ ಇಲ್ಲ. ಎರಡನೇ ಹಾಡಲ್ಲಿ ಡ್ರಮ್ಮಿನ ಸದ್ದಿಗೆ ಮೂರು ಸಾಲು ಮುಳುಗಿಹೋಗಿವೆ, ಅದನ್ನು ಮತ್ತೆ ಮಾಡು. ಐದನೇ ಹಾಡನ್ನು ನೀನು ಕೂಗಿ ಹಾಡಿದೀಯ. ಅದು ಕೂಗಲೇಬೇಕಾದ ಹಾಡು. ಅದನ್ನು ಮುಟ್ಟಬೇಡ.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾರ್, ಐದನೇದನ್ನೇ ತೆಗೆದುಬಿಡೋಣ ಅಂತಿದ್ದೆ” ಎಂದ.

“ತೆಗೀಬೇಡ” ಎಂದೆ.